ಮನೆಯಲ್ಲಿ ಬ್ರೆಡ್ ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಟ್ಟು, ನೀರು, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ತಾನೇ ನಾದಿ, ಉಬ್ಬಿಸಿ, ಬೇಯಿಸಿ ಕೊಡುವ ಸ್ವಯಂಚಾಲಿತ ಬ್ರೆಡ್ ಯಂತ್ರದ ಬಗ್ಗೆ ಓದುಗರು ಬರೆದು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ತೊಂದರೆಯನ್ನು ಹಲವರು ಬರೆದಿದ್ದಲ್ಲಿ ಒಂದು ಪತ್ರವನ್ನು ಮಾತ್ರ ಮುಂದಿಟ್ಟು, ಉತ್ತರವನ್ನು ಎಲ್ಲರಿಗೂ ಅನ್ವಯಿಸುವಂತೆ ಬರೆಯಲಾಗಿದೆ.

ಪ್ರಶ್ನೆ: ಮನೆಗೆ ಬ್ರೆಡ್ ಯಂತ್ರ ಕೊಳ್ಳುವುದು ಸಾರ್ಥಕವೇ? ಅದು ನಿಜವಾಗಿ ಏನೇನು ಮಾಡುತ್ತದೆ, ಎಷ್ಟು ವಿದ್ಯುತ್ ತಿನ್ನುತ್ತದೆ? — ಗೃಹಿಣಿ, ದಾವಣಗೆರೆ

ಉತ್ತರ: ಯಂತ್ರದ ಒಳಗಿರುವುದು ಅಂಟದ ಲೇಪನದ ಒಂದು ಪಾತ್ರೆ, ಅದರ ತಳದಲ್ಲಿ ತಿರುಗುವ ಒಂದು ಅಲಗು, ಪಾತ್ರೆಯ ಸುತ್ತ ಕಾಯುವ ಒಂದು ಸುರುಳಿ ಮತ್ತು ಇವೆಲ್ಲವನ್ನೂ ಕಾಲಕ್ಕೆ ಸರಿಯಾಗಿ ನಡೆಸುವ ಒಂದು ನಿಯಂತ್ರಕ. ಸಾಮಾನ್ಯ ಬಿಳಿ ಬ್ರೆಡ್ಡಿನ ಕ್ರಮದಲ್ಲಿ ಸುಮಾರು ಮೂರು ಗಂಟೆಯಲ್ಲೂ ಗೋಧಿ ಬ್ರೆಡ್ಡಿನ ಕ್ರಮದಲ್ಲಿ ಮೂರೂವರೆಯಿಂದ ನಾಲ್ಕು ಗಂಟೆಯಲ್ಲೂ ಅದು ಎರಡು ಬಾರಿ ನಾದಿ, ನಡುನಡುವೆ ಉಬ್ಬಲು ಬಿಟ್ಟು, ಉಬ್ಬಿದ್ದನ್ನು ಅಲಗಿನಿಂದ ಒಮ್ಮೆ ತಗ್ಗಿಸಿ, ಮತ್ತೆ ಉಬ್ಬಿಸಿ ಬೇಯಿಸುತ್ತದೆ. ಮನೆಬಳಕೆಯ ಇಂತಹ ಯಂತ್ರಗಳು ಜಪಾನಿನಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡವು. ಆಗ ಮತ್ಸುಶಿತಾ ಕಂಪನಿಯ ತಂಡಕ್ಕೆ ಯಂತ್ರ ನಾದಿದ ಹಿಟ್ಟು ಕೈಯಲ್ಲಿ ನಾದಿದಂತೆ ಏಕೆ ಆಗುತ್ತಿಲ್ಲ ಎಂಬುದೇ ತಿಳಿಯದಿದ್ದಾಗ, ತಂಡದ ಇಕುಕೊ ತನಾಕಾ ಎಂಬವರು ಒಸಾಕಾ ನಗರದ ಹೋಟೆಲೊಂದರ ಮುಖ್ಯ ಬ್ರೆಡ್ ತಯಾರಕರ ಬಳಿ ಕೆಲಸ ಕಲಿತರು. ಆ ತಯಾರಕರು ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಲೂ ಇದ್ದಾರೆ ಎಂಬುದನ್ನು ತನಾಕಾ ಗಮನಿಸಿದರು. ಆ ತಿರುಚುವಿಕೆಯನ್ನು ಯಂತ್ರದಲ್ಲಿ ತರಲು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಸೇರಿಸಲಾಯಿತು. ಇಂದಿಗೂ ಅನೇಕ ಯಂತ್ರಗಳ ಪಾತ್ರೆಯಲ್ಲಿ ಅಂತಹ ಏಣುಗಳನ್ನು ನೀವು ಕಾಣಬಹುದು.

ವಿದ್ಯುತ್ತಿನ ಚಿಂತೆ ದೊಡ್ಡದೇನಲ್ಲ. ಸುರುಳಿ 500–600 ವ್ಯಾಟ್‌ನದಾದರೂ ಅದು ಪೂರ್ಣವಾಗಿ ಕೆಲಸ ಮಾಡುವುದು ಬೇಯಿಸುವ ಹೊತ್ತಿನಲ್ಲಿ ಮಾತ್ರ, ಆಗಲೂ ಬಿಟ್ಟುಬಿಟ್ಟು. ಆದ್ದರಿಂದ ಒಂದು ಬ್ರೆಡ್ಡಿಗೆ ಸಾಮಾನ್ಯವಾಗಿ ಅರ್ಧ ಯೂನಿಟ್‌ಗಿಂತ ಹೆಚ್ಚು ಬೇಕಾಗುವುದಿಲ್ಲ. ಆದರೆ ಅಡುಗೆಮನೆಯ ಕಟ್ಟೆಯ ಮೇಲೆ ಅದು ಹಿಡಿಯುವ ಜಾಗ ಕಡಿಮೆಯದಲ್ಲ. ವಾರಕ್ಕೆ ಎರಡು ಬಾರಿಯಾದರೂ ಬ್ರೆಡ್ ತಿನ್ನುವ ಮನೆಯಾದರೆ ಕೊಳ್ಳಿ. ತಿಂಗಳಿಗೊಮ್ಮೆ ಬೇಕೆನಿಸುವವರಿಗೆ ಬೀದಿಯ ಕೊನೆಯ ಬೇಕರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಯಂತ್ರದೊಡನೆ ಬಂದ ಪುಸ್ತಕದಲ್ಲಿ ಹೇಳಿದ ಅಳತೆಯನ್ನೇ ಹಾಕುತ್ತೇನೆ. ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು ಬಳಸುತ್ತೇನೆ. ಪ್ರತಿಸಲವೂ ಬ್ರೆಡ್ ಗಿಡ್ಡವಾಗಿ, ಇಟ್ಟಿಗೆಯಂತೆ ಗಟ್ಟಿಯಾಗಿ ಬರುತ್ತದೆ. ಯಂತ್ರ ಕೆಟ್ಟಿದೆಯೇ? — ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಯಂತ್ರ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಈ ಬಾರಿ ಅತಿ ಹೆಚ್ಚು ಪತ್ರಗಳು ಬಂದಿರುವುದು ಇದೇ ತೊಂದರೆಯ ಬಗ್ಗೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಇಂತಹ ಪುಸ್ತಕಗಳಲ್ಲಿನ ಅಳತೆಗಳು ಹೆಚ್ಚಾಗಿ ವಿದೇಶಗಳಲ್ಲಿ ಬ್ರೆಡ್ಡಿಗೆಂದೇ ಮಾರುವ, ಪ್ರೋಟೀನ್ ಹೆಚ್ಚಿರುವ ಬಿಳಿ ಹಿಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಗೋಧಿ ಹಿಟ್ಟಿನಲ್ಲೂ ಪ್ರೋಟೀನ್ ಕಡಿಮೆಯೇನಿಲ್ಲ. ಆದರೆ ಅದನ್ನು ಬೀಸಿದ ಬಗೆ ಬೇರೆ. ಕಲ್ಲಿನ ನಡುವೆ ಒತ್ತಡಕ್ಕೂ ಬಿಸಿಗೂ ಸಿಕ್ಕಿ ಪಿಷ್ಟದ ಕಣಗಳು ಒಡೆದಿರುತ್ತವೆ, ಒಡೆದ ಪಿಷ್ಟವು ಬಹಳ ನೀರು ಕುಡಿಯುತ್ತದೆ. ಚಪಾತಿ ಮೆತ್ತಗಾಗುವುದು ಈ ಗುಣದಿಂದಲೇ. ಬ್ರೆಡ್ಡಿಗೆ ಮಾತ್ರ ಅದೇ ತೊಡಕಾಗುತ್ತದೆ, ಏಕೆಂದರೆ ಪುಸ್ತಕ ಹೇಳಿದಷ್ಟೇ ನೀರು ಹಾಕಿದಾಗ ಕಣಕ ಬಿಗಿಯಾಗಿ, ಯೀಸ್ಟ್ ಬಿಡುವ ಅನಿಲಕ್ಕೆ ಅದನ್ನು ಎತ್ತಲು ಆಗುವುದಿಲ್ಲ. ಜೊತೆಗೆ ಹಿಟ್ಟಿನಲ್ಲಿ ಉಳಿದಿರುವ ಹೊಟ್ಟಿನ ಚೂರುಗಳು ಅನಿಲವನ್ನು ಹಿಡಿದಿಡುವ ಗ್ಲುಟೆನ್ನಿನ, ಅಂದರೆ ಗೋಧಿಯ ಅಂಟು ಪ್ರೋಟೀನಿನ, ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಕಪ್ಪಿನ ಅಳತೆ ಬಿಟ್ಟು ತಕ್ಕಡಿ ಹಿಡಿಯುವುದು. ಹಿಟ್ಟನ್ನು ಅದುಮಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ ತೂಕದಲ್ಲಿ ಬಹಳ ಅಂತರವಿರುತ್ತದೆ. ಆರಂಭಕ್ಕೆ 200 ಗ್ರಾಂ ಮೈದಾ ಮತ್ತು 200 ಗ್ರಾಂ ಗೋಧಿ ಹಿಟ್ಟು ಸೇರಿಸಿಕೊಳ್ಳಿ. ಅದಕ್ಕೆ 280 ಮಿಲಿಲೀಟರ್ ನೀರು, 8 ಗ್ರಾಂ ಉಪ್ಪು, ಒಂದು ಟೇಬಲ್ ಚಮಚ ಸಕ್ಕರೆ ಅಥವಾ ಬೆಲ್ಲದ ಪುಡಿ, ಒಂದೂವರೆ ಟೇಬಲ್ ಚಮಚ ಎಣ್ಣೆ ಮತ್ತು 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಸಾಕು. ಹೆಚ್ಚಿನ ಯಂತ್ರಗಳಲ್ಲಿ ಮೊದಲು ನೀರು, ಎಣ್ಣೆ, ಉಪ್ಪು, ಸಕ್ಕರೆ, ಅದರ ಮೇಲೆ ಹಿಟ್ಟು, ಕೊನೆಗೆ ಹಿಟ್ಟಿನಲ್ಲಿ ಸಣ್ಣ ಗುಳಿ ಮಾಡಿ ಯೀಸ್ಟ್ ಹಾಕಬೇಕು. ಕೆಲವು ಕಂಪನಿಗಳು ಯೀಸ್ಟನ್ನೇ ತಳಕ್ಕೆ ಹಾಕಲು ಹೇಳುತ್ತವೆ. ನಿಮ್ಮ ಯಂತ್ರದ ಪುಸ್ತಕವನ್ನು ಈ ಒಂದು ವಿಷಯದಲ್ಲಿ ಚಾಚೂ ತಪ್ಪದೆ ಪಾಲಿಸಿ.

ಮುಂದಿನ ಹತ್ತು ನಿಮಿಷವೇ ಬ್ರೆಡ್ಡಿನ ಹಣೆಬರಹವನ್ನು ನಿರ್ಧರಿಸುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಯಂತ್ರವು ನಡೆಯುವುದು ಗಡಿಯಾರದ ಲೆಕ್ಕದಲ್ಲಿ. ಕಣಕ ಹದವಾಗಿದೆಯೇ, ಸಾಕಷ್ಟು ಉಬ್ಬಿದೆಯೇ ಎಂದು ನೋಡುವ ಶಕ್ತಿ ಅದಕ್ಕಿಲ್ಲ, ಆ ಕೆಲಸವನ್ನು ನೀವೇ ಮಾಡಬೇಕು. ನಾದುವಾಗ ಮುಚ್ಚಳ ತೆರೆದು ನೋಡಿದರೆ ಯಾವ ಹಾನಿಯೂ ಇಲ್ಲ. ಐದಾರು ನಿಮಿಷ ನಾದಿದ ಮೇಲೆ ಕಣಕವು ನುಣುಪಾದ ಒಂದೇ ಉಂಡೆಯಾಗಿ ಅಲಗಿನ ಸುತ್ತ ತಿರುಗುತ್ತಿರಬೇಕು, ಮುಟ್ಟಿದರೆ ಬೆರಳಿಗೆ ತುಸುವೇ ಅಂಟಬೇಕು. ಉಂಡೆ ಬಿರಿದು, ಯಂತ್ರ ಕುಲುಕಿ ಸದ್ದು ಮಾಡುತ್ತಿದ್ದರೆ ಒಂದೊಂದೇ ಟೀ ಚಮಚ ನೀರು ಹಾಕುತ್ತ ಕಾಯಿರಿ. ತಳದಲ್ಲಿ ಕೆಸರಿನಂತೆ ಹರಡಿದ್ದರೆ ಒಂದೊಂದೇ ಚಮಚ ಹಿಟ್ಟು ಉದುರಿಸಿ. ಗೋಧಿ ಹಿಟ್ಟು ನಿಧಾನವಾಗಿ ನೀರು ಹೀರುವುದರಿಂದ ಅದರ ಕಣಕ ಮೊದಲಿಗೆ ಸ್ವಲ್ಪ ಅಂಟಾಗಿ ಕಂಡರೂ ಆತುರಪಡಬೇಡಿ.

ಪೂರ್ತಿ ಗೋಧಿ ಹಿಟ್ಟಿನದೇ ಬೇಕೆನ್ನುವವರು ನೀರನ್ನು 300 ಮಿಲಿಲೀಟರ್‌ವರೆಗೆ, ಕೆಲವು ಹಿಟ್ಟಿಗೆ ಅದಕ್ಕೂ ತುಸು ಹೆಚ್ಚಿಗೆ ಏರಿಸಬೇಕು. ಯೀಸ್ಟ್ ಮತ್ತು ಉಪ್ಪು ಹಾಕದೆ ಐದು ನಿಮಿಷ ನಾದಿಸಿ, ಯಂತ್ರ ನಿಲ್ಲಿಸಿ, ಅರ್ಧ ಗಂಟೆ ಹಿಟ್ಟನ್ನು ನೆನೆಯಲು ಬಿಟ್ಟು, ಆಮೇಲೆ ಅವನ್ನು ಸೇರಿಸಿ ಪೂರ್ಣ ಕ್ರಮ ಆರಂಭಿಸಿದರೆ ಹೊಟ್ಟು ಮೆತ್ತಗಾಗಿ ಬ್ರೆಡ್ ಗಮನಾರ್ಹವಾಗಿ ಎದ್ದು ಬರುತ್ತದೆ. ಅಂಗಡಿಯಲ್ಲಿ ಸಿಗುವ ಗ್ಲುಟೆನ್ ಪುಡಿಯನ್ನು ಒಂದು ಟೇಬಲ್ ಚಮಚ ಬೆರೆಸುವುದೂ ಒಳ್ಳೆಯ ಉಪಾಯ. ನಿಮ್ಮ ಭಾಗದಲ್ಲಿ ಬೆಳೆಯುವ ಖಪ್ಲಿ ಗೋಧಿಗೆ ರುಚಿಯಿದೆ, ಆದರೆ ಅದರ ಗ್ಲುಟೆನ್ ದುರ್ಬಲ. ಒಟ್ಟು ಹಿಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಜೋಳ, ರಾಗಿಯಲ್ಲಿ ಗ್ಲುಟೆನ್ನೇ ಇಲ್ಲವಾದ್ದರಿಂದ 400 ಗ್ರಾಂನಲ್ಲಿ 60ರಿಂದ 80 ಗ್ರಾಂಗೆ ನಿಲ್ಲಿಸಿ.

ಪ್ರಶ್ನೆ: ಚಳಿಗಾಲದಲ್ಲಿ ಚೆನ್ನಾಗಿ ಬರುತ್ತಿದ್ದ ಬ್ರೆಡ್, ಬೇಸಿಗೆಯಲ್ಲಿ ಮುಚ್ಚಳಕ್ಕೆ ತಾಗುವಷ್ಟು ಉಬ್ಬಿ, ಬೇಯುವಾಗ ನಡುವೆ ಕುಸಿಯುತ್ತದೆ. — ಓದುಗರು, ರಾಯಚೂರು

ಉತ್ತರ: ನಿಮ್ಮೂರಿನ ಬೇಸಿಗೆಯೇ ಇದಕ್ಕೆ ಕಾರಣ. ಯೀಸ್ಟ್ ಚೆನ್ನಾಗಿ ಕೆಲಸ ಮಾಡುವುದು 25ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೊರಗೆ 40 ದಾಟಿರುವಾಗ ನಲ್ಲಿಯ ನೀರೂ ಡಬ್ಬಿಯ ಹಿಟ್ಟೂ ಬಿಸಿಯಾಗಿಯೇ ಇರುತ್ತವೆ, ನಾದುವ ಅಲಗು ಮತ್ತಷ್ಟು ಬಿಸಿ ಸೇರಿಸುತ್ತದೆ. ಯಂತ್ರಕ್ಕೆ ಕಾಯಿಸುವುದು ಗೊತ್ತೇ ಹೊರತು ತಂಪು ಮಾಡುವುದು ಗೊತ್ತಿಲ್ಲ. ಹೀಗಾಗಿ ಕಣಕ ಬೇಗನೆ ಉಬ್ಬಿ, ಬೇಯಿಸುವ ಹೊತ್ತು ಬರುವಷ್ಟರಲ್ಲಿ ಅದರ ಕಸುವು ಮುಗಿದಿರುತ್ತದೆ. ಫ್ರಿಜ್ಜಿನ ತಣ್ಣೀರು ಬಳಸಿ, ಬೇಕಾದರೆ ಹಿಟ್ಟನ್ನೂ ಒಂದು ಗಂಟೆ ಫ್ರಿಜ್ಜಿನಲ್ಲಿಡಿ, ಯೀಸ್ಟನ್ನು ಕಾಲು ಭಾಗ ಕಡಿಮೆ ಮಾಡಿ. ಉಪ್ಪನ್ನು ಮಾತ್ರ ಕಡಿಮೆ ಮಾಡಬೇಡಿ, ಯೀಸ್ಟಿನ ವೇಗಕ್ಕೆ ಕಡಿವಾಣ ಹಾಕುವುದು ಅದೇ. ಬೆಳಗಿನ ಜಾವ ಯಂತ್ರ ಹಚ್ಚುವುದು ಎಲ್ಲಕ್ಕಿಂತ ಸುಲಭದ ದಾರಿ. ಮಡಿಕೇರಿ, ಆಗುಂಬೆಯ ಕಡೆಯವರಿಗೆ ಮಳೆಗಾಲದಲ್ಲಿ ಇದೇ ಕುಸಿತ ಬೇರೆ ಕಾರಣದಿಂದ ಬರಬಹುದು: ಹಿಟ್ಟು ಗಾಳಿಯ ತೇವ ಹೀರಿರುತ್ತದೆ, ಆಗ ನೀರನ್ನು ಒಂದೆರಡು ಚಮಚ ಕಡಿಮೆ ಮಾಡಬೇಕು.

ಪ್ರಶ್ನೆ: ಮನೆಯಲ್ಲಿ ಮಾಡಿದ ಬ್ರೆಡ್ ಎರಡನೆಯ ದಿನವೇ ಹಣ್ಣು ಅತಿಯಾಗಿ ಮಾಗಿದಂತಹ ವಾಸನೆ ಬಿಟ್ಟು, ಒಳಗೆ ಅಂಟಂಟಾಗಿ, ಮುರಿದರೆ ನೂಲಿನಂತೆ ಎಳೆ ಬರುತ್ತದೆ. ಬೂಷ್ಟು ಕಾಣುವುದಿಲ್ಲ. ಸುಟ್ಟು ತಿನ್ನಬಹುದೇ? — ಗೃಹಿಣಿ, ಮಂಗಳೂರು

ಉತ್ತರ: ದಯವಿಟ್ಟು ತಿನ್ನಬೇಡಿ. ನೀವು ವಿವರಿಸಿರುವುದು ಬೇಕರಿಯವರು ರೋಪ್ ಎಂದು ಕರೆಯುವ ಕೆಡುಕು. ಹಿಟ್ಟಿನಲ್ಲಿ, ಅದರಲ್ಲೂ ಹೊಟ್ಟಿರುವ ಹಿಟ್ಟಿನಲ್ಲಿ, ಬ್ಯಾಸಿಲಸ್ ಸಬ್‌ಟಿಲಿಸ್ ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಣಗಳು ಇರುತ್ತವೆ. ಬ್ರೆಡ್ಡಿನ ಹೊರಪದರ ಎಷ್ಟೇ ಕೆಂಪಾದರೂ ಒಳಗಿನ ತಿರುಳು 100 ಡಿಗ್ರಿಯನ್ನು ದಾಟುವುದಿಲ್ಲವಾದ್ದರಿಂದ ಆ ಬೀಜಕಣಗಳು ಸಾಯದೆ ಉಳಿದು, ಕರಾವಳಿಯಂತಹ ಸೆಕೆ ಮತ್ತು ತೇವದಲ್ಲಿ ಚಿಗುರಿ, ತಿರುಳಿನ ಪಿಷ್ಟವನ್ನೂ ಪ್ರೋಟೀನನ್ನೂ ಕರಗಿಸುತ್ತವೆ. ಮತ್ತೆ ಸುಟ್ಟರೂ ಪ್ರಯೋಜನವಿಲ್ಲ.

ಆ ಬ್ರೆಡ್ಡನ್ನು ಕಟ್ಟಿ ಮನೆಯಿಂದ ಹೊರಗೆ ಹಾಕಿ. ಯಂತ್ರದ ಒಳಗಿನ ಚೂರುಗಳನ್ನೆಲ್ಲ ತೆಗೆದು, ಬ್ರೆಡ್ ಡಬ್ಬಿ, ಚಾಕು, ಹಲಗೆಯನ್ನು ತೊಳೆದು ವಿನೆಗರ್‌ನಿಂದ ಒರೆಸಿ. ಈ ಬ್ಯಾಕ್ಟೀರಿಯಾಗಳಿಗೆ ಹುಳಿ ಆಗದು; ಇನ್ನು ಮುಂದೆ 400 ಗ್ರಾಂ ಹಿಟ್ಟಿಗೆ ಒಂದು ಟೀ ಚಮಚ ವಿನೆಗರ್ ಸೇರಿಸಿ, ಅಥವಾ ನೀರಿನ ಸ್ವಲ್ಪ ಭಾಗದ ಬದಲು ಹುಳಿ ಮಜ್ಜಿಗೆ ಹಾಕಿ. ಬೆಂದ ಮೇಲೆ ಯಂತ್ರದ ಬೆಚ್ಚಗಿಡುವ ಕ್ರಮದಲ್ಲಿ ಬಿಡದೆ, ಐದು ನಿಮಿಷದಲ್ಲೇ ಪಾತ್ರೆಯಿಂದ ಬಿಡಿಸಿ ತಂತಿ ಜಾಲರಿಯ ಮೇಲೆ ಪೂರ್ತಿ ಆರಿಸಿ. ನಂತರ ಹೋಳು ಮಾಡಿ ಫ್ರೀಜರ್‌ನಲ್ಲಿಟ್ಟು ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿಕೊಳ್ಳುವುದು ಉತ್ತಮ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಕೆಡುವುದು ತಡವಾಗುತ್ತದೆ ನಿಜ, ಆದರೆ ಆ ತಂಪಿನಲ್ಲಿ ಪಿಷ್ಟ ಬೇಗ ಬಿಗಿದುಕೊಂಡು ಬ್ರೆಡ್ ಒರಟಾಗುತ್ತದೆ.

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ಯಂತ್ರ ತಂದಿದ್ದಾನೆ. ಪ್ಲಗ್ ಬದಲಿಸಿದರೆ ಸಾಕೇ? ನಡುವೆ ಕರೆಂಟ್ ಹೋದರೆ ಏನು ಮಾಡಬೇಕು? — ಓದುಗರು, ಮೈಸೂರು

ಉತ್ತರ: ಪ್ಲಗ್ ಮಾತ್ರ ಬದಲಿಸಿ ಖಂಡಿತ ಹಚ್ಚಬೇಡಿ. ಅದು 120 ವೋಲ್ಟ್‌ಗೆ ಮಾಡಿದ ಯಂತ್ರ. ನಮ್ಮ 230 ವೋಲ್ಟ್ ಕೊಟ್ಟರೆ ಸುರುಳಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಿಸಿ ಹುಟ್ಟಿ ಸುಟ್ಟುಹೋಗುತ್ತದೆ. 1000 ವಿ.ಎ. (ವೋಲ್ಟ್-ಆಂಪಿಯರ್) ಸಾಮರ್ಥ್ಯದ, ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆಗಲೂ ಅಲ್ಲಿನ 60 ಹರ್ಟ್ಸ್‌ಗೆ ಬದಲಾಗಿ ಇಲ್ಲಿ 50 ಹರ್ಟ್ಸ್ ಇರುವುದರಿಂದ ಇಂಡಕ್ಷನ್ ಮೋಟಾರ್ ಆರನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ನಾದುವುದು ಸಾಲದೆ ಹೋಗಬಹುದು. ಮೊದಲ ನಾದುವಿಕೆ ಮುಗಿದೊಡನೆ ಯಂತ್ರ ನಿಲ್ಲಿಸಿ ಮತ್ತೆ ಮೊದಲಿನಿಂದ ಆರಂಭಿಸಿದರೆ ಆ ಕೊರತೆ ನೀಗುತ್ತದೆ.

ಕರೆಂಟ್ ಹೋದಾಗ ಅನೇಕ ಯಂತ್ರಗಳು ಕೆಲವು ನಿಮಿಷ ಮಾತ್ರ ಎಲ್ಲಿದ್ದೆವೆಂಬುದನ್ನು ನೆನಪಿಟ್ಟುಕೊಳ್ಳುತ್ತವೆ. ಅದಕ್ಕೂ ಹೆಚ್ಚು ಹೊತ್ತಾದರೆ ಕಣಕವನ್ನು ಪಾತ್ರೆಯಲ್ಲೇ ಉಬ್ಬಲು ಬಿಟ್ಟು, ಕರೆಂಟ್ ಬಂದ ಮೇಲೆ ಬೇಯಿಸುವ ಕ್ರಮವನ್ನಷ್ಟೇ ಹಚ್ಚಿ. ರಾತ್ರಿ ಟೈಮರ್ ಇಟ್ಟು ಮಲಗುವವರು ಹಾಲು, ಮೊಟ್ಟೆ ಹಾಕಬಾರದು. ಹಾಲಿನ ಪುಡಿ ಆಗಬಹುದು.

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇದೆ. ನಾವು ಗೋಧಿ ಬ್ರೆಡ್ ಮಾಡುವ ಯಂತ್ರದಲ್ಲೇ ಅವಳಿಗೆ ಗ್ಲುಟೆನ್ ಇಲ್ಲದ ಬ್ರೆಡ್ ಮಾಡಬಹುದೇ? — ತಾಯಿ, ತುಮಕೂರು

ಉತ್ತರ: ಬೇಡವಮ್ಮ. ಗ್ಲುಟೆನ್ ಇಲ್ಲದ ಆಹಾರವೆಂದು ಹೇಳಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಅಲಗಿನ ಬುಡದಲ್ಲಿ, ಸುರುಳಿಯ ಸಂದಿಯಲ್ಲಿ ಕುಳಿತ ಗೋಧಿ ಹಿಟ್ಟನ್ನು ಆ ಮಟ್ಟಕ್ಕೆ ತೊಳೆಯುವುದು ಮನೆಯಲ್ಲಿ ಸಾಧ್ಯವಿಲ್ಲ. ಅವಳಿಗೆಂದೇ ಬೇರೆ ಯಂತ್ರ, ಕನಿಷ್ಠ ಬೇರೆ ಪಾತ್ರೆಯಲ್ಲಿ ಕಲಸಿ ಬೇರೆ ಅಚ್ಚಿನಲ್ಲಿ ಬೇಯಿಸುವ ವ್ಯವಸ್ಥೆ ಇರಲಿ. ಇನ್ನೂ ಒಂದು ಎಚ್ಚರಿಕೆ ಅಗತ್ಯ: ಗೋಧಿ ಬೀಸುವ ಗಿರಣಿಯಲ್ಲೇ ಬೀಸಿಸಿದ ಜೋಳದ ಹಿಟ್ಟು, ಅಕ್ಕಿ ಹಿಟ್ಟು ಕೂಡ ಅವಳಿಗೆ ಸುರಕ್ಷಿತವಲ್ಲ. ಧಾನ್ಯವನ್ನು ಆರಿಸಿ, ತೊಳೆದು ಒಣಗಿಸಿ, ಮನೆಯ ಮಿಕ್ಸರ್‌ನಲ್ಲಿ ಪುಡಿ ಮಾಡಿಕೊಳ್ಳಿ. ಗ್ಲುಟೆನ್ನಿನ ಬದಲಿಗೆ ಇಸಬ್‌ಗೋಲ್ ಹೊಟ್ಟು ಹಿಟ್ಟನ್ನು ಹಿಡಿದಿಡುತ್ತದೆ. ಕಣಕ ಇಡ್ಲಿ ಹಿಟ್ಟಿನಷ್ಟು ಮೆತ್ತಗಿರಬೇಕು, ಒಂದೇ ಬಾರಿ ಕಲಸಿ ಒಂದೇ ಬಾರಿ ಉಬ್ಬಿಸಬೇಕು.

ಪ್ರಶ್ನೆ: ಅಯ್ಯಂಗಾರ್ ಬೇಕರಿಯ ಖಾರ ಬ್ರೆಡ್ಡಿನಂತಹದ್ದು ಯಂತ್ರದಲ್ಲಿ ಬರುವುದೇ? — ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಬರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಮೊದಲೇ ಹಾಕಿದರೆ ಅಲಗಿಗೆ ಸಿಕ್ಕಿ ಅರೆದುಹೋಗಿ ನೀರು ಬಿಡುತ್ತವೆ, ಕಣಕದ ಹದ ಕೆಡುತ್ತದೆ. ಈರುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ ಆರಿಸಿಕೊಂಡು, ಎರಡನೆಯ ನಾದುವಿಕೆಯಲ್ಲಿ ಯಂತ್ರ ಪೀಪಿ ಎಂದು ಸೂಚನೆ ಕೊಟ್ಟಾಗ ಎಲ್ಲವನ್ನೂ ಒಟ್ಟಿಗೆ ಹಾಕಿ, ನೀರನ್ನು ಮೊದಲೇ ಒಂದು ಟೇಬಲ್ ಚಮಚ ಕಡಿಮೆ ಮಾಡಿರಿ. ಬನ್ ಬೇಕಿದ್ದರೆ ಕಣಕದ ಕ್ರಮವನ್ನಷ್ಟೇ ಬಳಸಿ, ಉಬ್ಬಿದ ಹಿಟ್ಟನ್ನು ಕೈಯಲ್ಲಿ ಉಂಡೆ ಕಟ್ಟಿ ಓವನ್ನಿನಲ್ಲಿ ಬೇಯಿಸಿ.