ಓದುಗರ ಪ್ರಶ್ನೆ: ಚಿತ್ರದೊಳಗಿನ ಕಿಮೋನೊ

ಜಪಾನಿನ ಚಿತ್ರಕಾರ ಉತಮಾರೊನ ಮರದಚ್ಚು ಚಿತ್ರಗಳಲ್ಲಿ ಕಿಮೋನೊಗೆ ನಿರಿಗೆ ಬಿದ್ದರೂ ಅದರ ಮೇಲಿನ ಹೂಬಳ್ಳಿ ಬಾಗುವುದಿಲ್ಲ, ನೆರಳೂ ಇರುವುದಿಲ್ಲ. ಇದು ಕೊರತೆಯಲ್ಲವೇ?
– ಕಲಾ ವಿದ್ಯಾರ್ಥಿನಿ, ಕಲಬುರಗಿ

ಅಲ್ಲ, ಬೇಕೆಂದೇ ಬಿಟ್ಟದ್ದು. ಹಲಗೆಯ ಮೇಲೆ ಬಣ್ಣ ಒರೆಸಿ ಛಾಯೆ ತರುವುದು ಅಚ್ಚು ಹಾಕುವವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಉಡುಪಿನ ಮೇಲೆಲ್ಲ ಮಾಡಿದ್ದರೆ ನೇಯ್ಗೆಯ ನಕ್ಷೆ ಮಸುಕಾಗುತ್ತಿತ್ತು. ಹಾಗಾಗಿ ನಿರಿಗೆಯನ್ನು ಕಪ್ಪು ಗೆರೆಗೆ ಒಪ್ಪಿಸಿ, ನಕ್ಷೆಯನ್ನು ಚಪ್ಪಟೆಯಾಗಿಯೇ ಉಳಿಸಿಕೊಂಡರು. ಕಿಮೋನೊ ಹೊಲಿಗೆಯೂ ಇದಕ್ಕೆ ಒಗ್ಗುತ್ತದೆ: ಸುಮಾರು 36 ಸೆಂ.ಮೀ. ಅಗಲ, 12 ಮೀಟರ್ ಉದ್ದದ ಥಾನನ್ನು ನೇರ ಪಟ್ಟಿಗಳಾಗಿ ಕತ್ತರಿಸುತ್ತಾರೆ, ಮೈಯ ಉಬ್ಬುತಗ್ಗಿಗೆ ಹೊಂದಿಸುವುದಿಲ್ಲ.

ಮುಖವನ್ನು ಆಮೇಲೆ ನೋಡಿ. ಮೊದಲು ಕೊರಳಪಟ್ಟಿ, ತೋಳಿನ ಬಾಯಿ, ಕೆಳ ಅಂಚು ನೋಡಿ. ಒಳಪದರಗಳ ಬಣ್ಣ ಇಣುಕುವುದು ಅಲ್ಲೇ. ಕೆಲವು ಅಚ್ಚುಗಳಲ್ಲಿ ಬಿಳಿ ಬಟ್ಟೆಯ ನಕ್ಷೆಗೆ ಬಣ್ಣವೇ ಇಲ್ಲ, ಬಣ್ಣ ಹಚ್ಚದ ಹಲಗೆಯ ಮೇಲೆ ಕಾಗದ ಒತ್ತಿ ಉಬ್ಬಿಸಿರುತ್ತಾರೆ. ಮೂಲ ಪ್ರತಿಯನ್ನು ಓರೆ ಬೆಳಕಿನಲ್ಲಿ, ಬಿದರಿ ಹೂಜಿ ತಿರುಗಿಸಿ ನೋಡುವ ಹಾಗೆ ನೋಡಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಮೊಬೈಲ್ ಪರದೆಯಲ್ಲಿ ಅದು ಬರಿಯ ಬಿಳಿ.

ನಾನು ಬರೆದ ಕಿಮೋನೊ ಸ್ನಾನದ ಗೌನಿನಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ?
– ಚಿತ್ರಕಲಾ ಶಿಕ್ಷಕರು, ಬೀದರ್

ಬಹುಶಃ ಭುಜದಲ್ಲಿ. ಕಿಮೋನೊದ ತೋಳಿನ ಹೊಲಿಗೆ ಭುಜದ ತುದಿಯಲ್ಲಿಲ್ಲ, ಕೆಳಗೆ ಮೇಲ್ದೋಳಿನ ಮೇಲೆ ಬರುತ್ತದೆ. ಹೆಂಗಸರ ಕೊರಳಪಟ್ಟಿಯನ್ನು ಹಿಂದಕ್ಕೆ ಸರಿಸಿ ಕತ್ತಿನ ಹಿಂಭಾಗ ಕಾಣಿಸಿ. ಉಟ್ಟವರ ಎಡ ಮಡಿಕೆ ಮೇಲೆ ಬರಬೇಕು, ಅಂದರೆ ಎದುರಿಗೆ ನಿಂತ ನಮಗೆ ಮೇಲಿನ ಗೆರೆ ಬಲದಿಂದ ಎಡಕ್ಕೆ ಇಳಿಯಬೇಕು. ಬಲ ಮಡಿಕೆ ಮೇಲೆ ಬರುವುದು ಶವಕ್ಕೆ ಉಡಿಸುವಾಗ. ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ಮಗುಚುವುದರಿಂದ ಅದನ್ನು ನೋಡಿ ಬರೆದವರು ಇಲ್ಲೇ ಎಡವುತ್ತಾರೆ. ಇನ್ನು ಓಬಿ, ಅಂದರೆ ನಡುಪಟ್ಟಿ: ಎದೋ ಕಾಲದ (1603–1868) ಕೊನೆಯ ಭಾಗದ ಚಿತ್ರಗಳಲ್ಲಿ ದೊಡ್ಡ ಗಂಟು ಮುಂದಿದ್ದರೆ ಆಕೆ ಸಾಮಾನ್ಯವಾಗಿ ಎದೋ ನಗರದ (ಇಂದಿನ ಟೋಕಿಯೊ) ವೇಶ್ಯಾವಾಟಿಕೆಯಾದ ಯೊಶಿವಾರಾದ ಉನ್ನತ ದರ್ಜೆಯ ವೇಶ್ಯೆ.

ಹಳೆಯ ಅಚ್ಚುಗಳಲ್ಲಿ ಉಡುಪು ಮಂಕು ಕಂದು ಏಕೆ?
– ಓದುಗರು, ಯಾದಗಿರಿ

ಅದು ಒಂದು ಕಾಲಕ್ಕೆ ನೇರಳೆಯಾಗಿದ್ದಿರಬಹುದು. ಅನೇಕ ಅಚ್ಚುಗಳ ನೇರಳೆ ಎಂದರೆ ಕುಸುಬೆ ಹೂವಿನ ಕೆಂಪು ಮತ್ತು ತ್ಸುಯುಕುಸ ಹೂವಿನ ನೀಲಿಯ ಬೆರಕೆ. ನಮ್ಮ ಕಡೆ ಎಣ್ಣೆಗೆ ಬಿತ್ತುವ ಅದೇ ಕುಸುಬೆ! ಆ ನೀಲಿ ಬೆಳಕಿಗೂ ತೇವಕ್ಕೂ ಬೇಗ ಹಾರುತ್ತದೆ, ಕೆಂಪೂ ಬೆಳಕಿಗೆ ಮಾಸುತ್ತದೆ. ಸುಮಾರು 1830ರಿಂದ ಹೆಚ್ಚು ಬಳಕೆಗೆ ಬಂದ ಪ್ರಷ್ಯನ್ ನೀಲಿ ಗಟ್ಟಿ, ಚಿತ್ರಕಾರ ಹೊಕುಸಾಯ್‌ನ ಅಲೆಗಳು ಇಂದಿಗೂ ಕಡುನೀಲಿಯಾಗಿರುವುದು ಅದರಿಂದಲೇ.