ಹತ್ತು ಅಡಿ ಪೂಕಳಂಗೆ ಎಷ್ಟು ಹೂ ಬೇಕು?

ಅಕ್ಕಾ, ಬದಿಯಡ್ಕದ ಕ್ಲಬ್ಬಿನಲ್ಲಿ ಓಣಂಗೆ ಹತ್ತು ಅಡಿ ಅಗಲದ ಪೂಕಳಂ, ಅಂದರೆ ಹೂವಿನ ರಂಗೋಲಿ ಹಾಕುತ್ತೇವೆ, ಎಷ್ಟು ಕಿಲೋ ಹೂ ತರಿಸಬೇಕು, ಸಂಜೆವರೆಗೆ ಬಾಡದ ಹಾಗೆ ಏನು ಮಾಡಬೇಕು ಅಂತ ಕೇಳಿದ್ದೀರಲ್ವಾ?

ನನ್ನನ್ನು ಕೇಳಿದರೆ ಐದು ಅಡಿಗೆ ಇಳಿಸಿ. ಅಗಲ ಅರ್ಧ ಮಾಡಿದರೆ ಹೂ ಕಾಲು ಪಾಲು ಸಾಕು. ಹತ್ತು ಅಡಿಯ ವೃತ್ತ ಅಂದರೆ ಸುಮಾರು 78 ಚದರ ಅಡಿ, ಐದರದ್ದು 20 ಕೂಡ ಆಗುವುದಿಲ್ಲ. ಕಿಲೋ ಲೆಕ್ಕ ಬೇರೆಯವರನ್ನು ಕೇಳಿ ಪ್ರಯೋಜನವಿಲ್ಲ. ಕೆಲವರು ದಪ್ಪ ಹಾಸುತ್ತಾರೆ, ಕೆಲವರದ್ದು ನೆಲವೇ ಕಾಣುತ್ತದೆ. ಮೊದಲು ಒಂದು ಕಿಲೋ ಚೆಂಡುಹೂ ತಂದು ಎಸಳು ಬಿಡಿಸಿ ಹಾಸಿ. ಎಷ್ಟು ಚದರ ಅಡಿ ತುಂಬಿತು ಅಂತ ಅಳೆಯಿರಿ. ತೊಟ್ಟಿನ ತೂಕವೂ ಆ ಲೆಕ್ಕದಲ್ಲೇ ಬಂದುಬಿಡುತ್ತದೆ.

ಓಣಂ ಹೊತ್ತಿಗೆ ಗುಂಡ್ಲುಪೇಟೆ ಕಡೆಯಿಂದ ಬರುವ ಚೆಂಡುಹೂ ಎಲ್ಲರಿಗೂ ಬೇಕು, ರೇಟೂ ಹಾಗೇ ಏರುತ್ತದೆ. ಅದಕ್ಕೇ ಅರಶಿನ, ಕೇಸರಿ ಮಾತ್ರ ಪೇಟೆಯಿಂದ ತನ್ನಿ. ಕೆಂಪಿಗೆ ಗುಡ್ಡದ ಕೇಪಳ ಹೂ ಇದೆ. ಹಸಿರಿಗೆ ಯಾವುದಾದರೂ ದಪ್ಪ ಎಲೆಯನ್ನು ಸಣ್ಣಗೆ ಹೆಚ್ಚಿ. ಬಿಳಿಗೆ ತುಂಬೆಯಷ್ಟು ಚಂದ ಇನ್ನೊಂದಿಲ್ಲ. ಆದರೆ ಅದನ್ನು ಕೊಯ್ಯಲು ತಾಳ್ಮೆ ಬೇಕು, ಮಕ್ಕಳನ್ನು ಕಳಿಸಿ! ಅರಶಿನದ ಪಕ್ಕ ಸೀದಾ ಕೇಸರಿ ಹಾಕಬೇಡಿ. ದೂರದಿಂದ ಎರಡೂ ಒಂದೇ ಕಾಣುತ್ತದೆ. ನಡುವೆ ಹಸಿರಿನದ್ದೋ ಬಿಳಿಯದ್ದೋ ಒಂದು ಗೆರೆ ಬರಲಿ.

ಚಿತ್ರಕ್ಕೆ ಒಂದು ದಾರ, ಒಂದು ಚಾಕ್‌ಪೀಸ್ ಸಾಕು. ದಾರದ ಒಂದು ತುದಿಯನ್ನು ನಡುವಿನಲ್ಲಿ ಒತ್ತಿ ಹಿಡಿದು ವೃತ್ತ ಎಳೆಯಿರಿ. ಅದೇ ಉದ್ದದ ದಾರದಿಂದ ಅಂಚಿನ ಮೇಲೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಭಾಗ ಆಗುತ್ತದೆ. ಆರು ಎಸಳಿನ ಹೂವಿಗೆ ಬೇರೆ ಲೆಕ್ಕವೇ ಬೇಡ. ತುಂಬುವಾಗ ನಡುವಿನಿಂದ ಹೊರಗೆ ಬನ್ನಿ, ಇಲ್ಲದಿದ್ದರೆ ಹಾಕಿದ್ದನ್ನೇ ತುಳಿಯಬೇಕಾಗುತ್ತದೆ.

ಇನ್ನು ಬಾಡುವ ವಿಷಯ. ಚೆಂಡುಹೂ ಸಂಜೆವರೆಗೆ ತಡೆಯುತ್ತದೆ. ವಾಡಾಮಲ್ಲಿ ಹೂವಿಗಂತೂ ಏನೂ ಆಗುವುದಿಲ್ಲ, ಅದು ಮೊದಲೇ ಕಾಗದದ ಹಾಗೆ ಒಣ ಹೂ. ದಾಸವಾಳ, ನಂದಿಬಟ್ಟಲು ನೋಡಲು ಚಂದ, ಆದರೆ ಬೇಗ ಮುದುಡುತ್ತವೆ. ಅವನ್ನು ಕೊನೆಗೆ ಹಾಕಿ. ಹಿಂದಿನ ದಿನ ತಂದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಳಗೆ ಬಿಸಿಯಾಗಿ ಬೆಳಗ್ಗೆ ಕೊಳೆತ ವಾಸನೆ ಬರುತ್ತದೆ. ಒದ್ದೆ ಗೋಣಿಯ ಮೇಲೆ ಹರಡಿ, ಎಸಳು ಬೆಳಗ್ಗೆಯೇ ಬಿಡಿಸಿ. ಮತ್ತೆ, ಫ್ಯಾನ್ ಆಫ್ ಮಾಡಲು ಮರೆಯಬೇಡಿ!

ಸ್ಪರ್ಧೆಗೆ ಅಂತಾದರೆ ಬಣ್ಣದ ಪುಡಿ ಹಾಕಬಹುದಾ ಅಂತ ಮೊದಲೇ ವಿಚಾರಿಸಿ. ಹಲವು ಕಡೆ ಹೂವು, ಎಲೆ ಮಾತ್ರ ಅನ್ನುತ್ತಾರೆ.