ಸಂಪಾದಕರ ಉತ್ತರ: ಮಗಳ ಗೋಡೆಯ ಎರಡು ಚಿತ್ರಗಳು

ಪ್ರಿಯ ಅಕ್ಕೋರೇ,

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಗದಗದಲ್ಲಿ ಹೈಸ್ಕೂಲ್ ಟೀಚರ್ ಎಂದು ಬರೆದಿದ್ದೀರಿ. ನಮ್ಮ ಕಡೆ ಮಕ್ಕಳು ಟೀಚರನ್ನು ಹೇಗೆ ಕರೆಯುತ್ತಾರೋ ನಾನೂ ಹಾಗೇ ಕರೆಯುತ್ತಿದ್ದೇನೆ.

ಬೇರೆ ಓದುಗರಿಗೂ ತಿಳಿಯಲಿ ಎಂದು ನಿಮ್ಮ ಪತ್ರದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಧಾರವಾಡದಲ್ಲಿ ಪಿಯುಸಿ ಓದುವ ನಿಮ್ಮ ಮಗಳು ದೀಪಾವಳಿಗೆ ಊರಿಗೆ ಬಂದಾಗ ಗೋಡೆಗೆ ಎರಡು ಚಿತ್ರ ಅಂಟಿಸಿದಳು. ಒಂದು ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಅವರದು. ಅಪ್ಪನ ಅಂಗಿ ತೊಟ್ಟ ಹಾಗೆ ದೊಗಳೆ ಬಟ್ಟೆ, ಮೈ ಪೂರ್ತಿ ಮುಚ್ಚಿದೆ. ಇನ್ನೊಂದು ಅಲ್ಲಿಯದೇ ಹಿರಿಯ ಗಾಯಕಿ ಮಡೋನಾ ಅವರದು, 1990ರ ಸಂಗೀತ ಪ್ರವಾಸದ್ದು. ಒಳಗೆ ಹಾಕುವ ಬಟ್ಟೆಯನ್ನೇ ಹೊರಗೆ ಹಾಕಿಕೊಂಡಿದ್ದಾರೆ. "ಇಬ್ಬರೂ ನನಗಿಷ್ಟ, ಇಬ್ಬರೂ ಗಟ್ಟಿಗಿತ್ತಿಯರು" ಎಂದಳಂತೆ ಮಗಳು. ನೀವು ಎರಡನೆಯ ಚಿತ್ರ ಕಿತ್ತಿರಿ. ಮೂರು ದಿನ ತಾಯಿ ಮಗಳ ಮಾತು ನಿಂತಿತು. ಈಗ ನನ್ನನ್ನು ಕೇಳಿದ್ದೀರಿ: "ಇಬ್ಬರೂ ಸರಿ ಹೇಗಾಗುತ್ತಾರೆ? ನಮ್ಮ ಗಂಗೂಬಾಯಿ ಹಾನಗಲ್ ಅವರು ಸೆರಗು ಹೊದ್ದು ಕೂತು ಹಾಡಿದರು, ಜಗತ್ತೇ ತಲೆದೂಗಿತು. ಕಂಠ ಇದ್ದವರಿಗೆ ಮೈ ತೋರಿಸುವ ಗರಜೇನು? ಈ ಮಡೋನಾ ಯಾಕೆ ಹೀಗೆ ಮಾಡುತ್ತಾಳೆ?"

ಒಂದು ಸಣ್ಣ ಮಾತು ಮೊದಲು. ನಿಮ್ಮ ಪತ್ರದಲ್ಲಿ ಗಂಗೂಬಾಯಿ "ಅವರು", ಮಡೋನಾ "ಅವಳು". ಹಾಗೆ ಬರೆಯುವುದು ನಮಗೆಲ್ಲ ರೂಢಿಯಾಗಿದೆ. ನಾನು ಇಲ್ಲಿ ಎಲ್ಲರಿಗೂ "ಅವರು" ಎನ್ನುತ್ತೇನೆ.

ಗಂಗೂಬಾಯಿಯವರ ಹೆಸರು ನೀವೇ ತೆಗೆದಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಶುಕ್ರವಾರಪೇಟೆಯ ಓಣಿಯಲ್ಲಿ ಹುಡುಗಿ ಗಂಗೂ ನಡೆದು ಹೋಗುವಾಗ ಮೇಲ್ಜಾತಿಯ ಮನೆಗಳವರು ಹೊರಗೆ ಬಂದು "ಗಾನೇವಾಲಿ" ಎಂದು ಚುಡಾಯಿಸುತ್ತಿದ್ದರು. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆ ಹುಡುಗಿ ಮೈ ತುಂಬ ಬಟ್ಟೆ ತೊಟ್ಟಿದ್ದಳು ಅಲ್ವಾ? ಆದರೂ ಬೈಗುಳ ತಪ್ಪಲಿಲ್ಲ. ಯಾಕೆಂದರೆ ಅದು ಬಟ್ಟೆಗೆ ಬಿದ್ದ ಬೈಗುಳ ಆಗಿರಲಿಲ್ಲ. ಹಾಡುವ ಮನೆತನದ, ಕೆಳಜಾತಿಯ ಹೆಣ್ಣಿಗೆ ಬಿದ್ದ ಬೈಗುಳ. ನಾಲ್ಕು ಜನರ ಮುಂದೆ ಹಾಡುವವಳು ನಾಲ್ಕು ಜನರ ಸ್ವತ್ತು ಎಂಬ ಲೆಕ್ಕ ಅದು.

ಶುರುವಿನ ದಿನಗಳಲ್ಲಿ ಅವರ ಗ್ರಾಮಾಫೋನ್ ತಟ್ಟೆಗಳಲ್ಲಿ ಠುಮ್ರಿಯೂ ಇತ್ತು, ಮರಾಠಿ ಭಾವಗೀತೆಯೂ ಇತ್ತು. ಠುಮ್ರಿ ಅಂದರೆ ಬಯಕೆಯ ಹಾಡು. ಬಾರದ ನಲ್ಲನಿಗಾಗಿ ಕಾಯುವ, ಮುನಿಯುವ, ಕರೆಯುವ ಹೆಣ್ಣಿನ ಹಾಡು. ಆಮೇಲೆ ಗಂಟಲಿನ ಚಿಕಿತ್ಸೆ ಆಗಿ ಧ್ವನಿ ಭಾರವಾಯಿತು. ಹಗುರ ಹಾಡುಗಳನ್ನು ಬಿಟ್ಟು ಹಿಂದೂಸ್ತಾನಿ ಸಂಗೀತದ ಗಂಭೀರ ಗಾಯನವಾದ ಖಯಾಲ್ ಒಂದನ್ನೇ ಹಿಡಿದರು. ಆ ಧ್ವನಿಗೆ ಖಯಾಲ್ ಹೇಳಿ ಮಾಡಿಸಿದ ಹಾಗಿತ್ತು, ಅದು ನಿಜ. ಆದರೆ ಆ ಕಾಲವನ್ನೂ ನೋಡಿ. ಗ್ರಾಮಾಫೋನ್ ತಟ್ಟೆಯ ಮೇಲೆ ಕೆಲವು ಗಾಯಕಿಯರ ಹೆಸರಿನ ಮುಂದೆ "ಅಮೆಚೂರ್" ಎಂದು ಅಚ್ಚು ಹಾಕುತ್ತಿದ್ದರು. ಇವಳು ಹಾಡಿ ಹೊಟ್ಟೆ ಹೊರೆಯುವವಳಲ್ಲ, ಮರ್ಯಾದಸ್ಥರ ಮನೆಯವಳು ಎಂದು ಕೊಳ್ಳುವವರಿಗೆ ತಿಳಿಸಲಿಕ್ಕೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಆಕಾಶವಾಣಿಯೂ ಗಾಯಕಿಯರ ಖಾಸಗಿ ಬದುಕು ನೋಡಿ ಬಾಗಿಲು ಮುಚ್ಚಿತು. ಹೆಸರಿನ ಕೊನೆಗೆ "ಬಾಯಿ" ಎಂದಿದ್ದ ಎಷ್ಟೋ ಗಾಯಕಿಯರು ಹೆಸರಿನ ಜೊತೆ ಹಾಡನ್ನೂ ಬದಲಿಸಿಕೊಂಡರು. ಬಯಕೆಯ ಹಾಡಿನ ಸಾಲುಗಳನ್ನು ಭಕ್ತಿಯ ಕಡೆ ತಿರುಗಿಸಿಕೊಂಡರು.

ಪದ್ಮವಿಭೂಷಣ ಬರುವಷ್ಟು ದೊಡ್ಡವರಾದ ಗಂಗೂಬಾಯಿ ಹೇಳಿದ ಒಂದು ಮಾತಿದೆ. ಗಂಡಸು ಮುಸಲ್ಮಾನನಾಗಿದ್ದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆಗಿದ್ದರೆ ಪಂಡಿತ್ ಆಗುತ್ತಾನೆ, ಕೇಸರ್‌ಬಾಯಿ, ಮೊಗೂಬಾಯಿ ಅಂಥ ಗಾಯಕಿಯರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು. ಅಕ್ಕೋರೇ, ಸೆರಗು ಹೊದ್ದು ಹಾಡಿದ ಹೆಣ್ಣುಮಗಳ ಅನುಭವ ಇದು. 2016ರಲ್ಲಿ ಅಮೆರಿಕದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗ ಮಡೋನಾ ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳಿದರು. ಗಾಯಕ ಡೇವಿಡ್ ಬೋವಿಯನ್ನು ನೋಡಿ ಕಲೆಯಲ್ಲಿ ನಿಯಮಗಳೇ ಇಲ್ಲ ಎಂದುಕೊಂಡಿದ್ದೆ, ನಿಯಮ ಇಲ್ಲದಿರುವುದು ಗಂಡಾದರೆ ಮಾತ್ರ ಎಂದು ಆಮೇಲೆ ಗೊತ್ತಾಯಿತು ಅಂತ. ನೀವು ಎದುರು ಬದುರು ನಿಲ್ಲಿಸಿದ ಇಬ್ಬರೂ ಒಂದೇ ಗೋಡೆಗೆ ತಲೆ ಚಚ್ಚಿಕೊಂಡವರು.

ನಮ್ಮ ಮಾತಿನಲ್ಲಿ ಹೆಣ್ಣಿಗೆ ಎರಡೇ ಖಾನೆ. ಒಂದೋ ಗರತಿ, ಇಲ್ಲಾ ಬಜಾರಿ. ಬಜಾರಿ ಎನ್ನುವ ಬೈಗುಳದೊಳಗೇ ಬಜಾರು ಇದೆ ನೋಡಿ. ಪೇಟೆಗೆ ಬಂದ ಹೆಣ್ಣು ಕೆಟ್ಟವಳು, ಪೇಟೆ ನಡೆಸುವ ಗಂಡಸು ಸಾವಕಾರ. ಹಾಗಾಗಿ ನನಗೆ ಎಷ್ಟು ಬಟ್ಟೆ ಎನ್ನುವುದಕ್ಕಿಂತ ಬೇರೆ ಪ್ರಶ್ನೆ ದೊಡ್ಡದು. ಆ ಬಟ್ಟೆಯನ್ನು ಯಾರು ತೀರ್ಮಾನ ಮಾಡಿದರು? ದುಡ್ಡು ಯಾರ ಕಿಸೆಗೆ ಹೋಯಿತು? ಗದ್ದಲವಾದಾಗ ಏಟು ಯಾರ ಮೇಲೆ ಬಿತ್ತು?

ಮಡೋನಾ ವಿಷಯದಲ್ಲಿ ಉತ್ತರ ಸಾಕಷ್ಟು ಸ್ಪಷ್ಟ. 1989ರಲ್ಲಿ ಪೆಪ್ಸಿ ಕಂಪನಿ 50 ಲಕ್ಷ ಡಾಲರಿಗೆ ಅವರ ಜಾಹೀರಾತು ಮಾಡಿತು. ಜಾಹೀರಾತಿನಲ್ಲಿದ್ದ ಹಾಡಿಗೆ ಅವರು ತೆಗೆಸಿದ ವಿಡಿಯೋದಲ್ಲಿ ಧರ್ಮವೂ ಕಾಮವೂ ಬೆರೆತಿವೆ ಎಂದು ಚರ್ಚುಗಳು ಸಿಡಿದೆದ್ದವು. ಕಂಪನಿ ಜಾಹೀರಾತು ನಿಲ್ಲಿಸಿತು. ದುಡ್ಡು ಮಡೋನಾ ಹತ್ತಿರವೇ ಉಳಿಯಿತು. ನೀವು ಕಿತ್ತ ಚಿತ್ರದ ಪ್ರವಾಸದಲ್ಲೇ, ಟೊರೊಂಟೊದಲ್ಲಿ, ಕುಣಿತ ಬದಲಿಸದಿದ್ದರೆ ಬಂಧಿಸುತ್ತೇವೆ ಎಂದು ಪೊಲೀಸರು ಬಂದಿದ್ದರು. ಮಡೋನಾ ಬದಲಿಸಲಿಲ್ಲ. ಎರಡು ವರ್ಷಕ್ಕೆ ತಮ್ಮದೇ ರೆಕಾರ್ಡ್ ಕಂಪನಿ ಕಟ್ಟಿದರು. ಅವರ ಆ ಕಾಲದ ಕೆಲವು ಕೆಲಸ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಜನರನ್ನು ಬೆಚ್ಚಿಬೀಳಿಸಲಿಕ್ಕೇ ಮಾಡಿದ್ದು ಎನ್ನಿಸುತ್ತದೆ. ಆದರೆ ಲಗಾಮು ಅವರ ಕೈಯಲ್ಲೇ ಇತ್ತು.

ಅಮೆರಿಕದ ಇನ್ನೊಬ್ಬ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ಕಥೆ ಬೇರೆ. ನಿಮ್ಮ ಮಗಳ ಗೋಡೆಯ ಮೇಲೆ ಅವರಿಲ್ಲ. ಆದರೂ ನಾನು ಜಾಸ್ತಿ ಹೇಳಬೇಕಾದ್ದು ಅವರ ಬಗ್ಗೆಯೇ. 1998ರಲ್ಲಿ ಮೊದಲ ವಿಡಿಯೋ ತೆಗೆದಾಗ ಅವರಿಗೆ 16 ವರ್ಷ. ಶಾಲೆಯ ಸಮವಸ್ತ್ರ, ಹೊಟ್ಟೆ ಕಾಣುವ ಹಾಗೆ ಗಂಟು ಹಾಕಿದ ಅಂಗಿ. ಅದು ತನ್ನದೇ ಐಡಿಯಾ ಎಂದು ಅವರೇ ಹೇಳಿದ್ದಾರೆ, ನಿರ್ದೇಶಕರೂ ಒಪ್ಪಿದ್ದಾರೆ. ಸರಿ, ಹುಡುಗಿಯ ಐಡಿಯಾ. ಆದರೆ ಸುತ್ತ ನಿಂತಿದ್ದವರು ದೊಡ್ಡವರು. 16ರ ಹುಡುಗಿ ಏನೋ ಅಂದಳು ಎಂದು ಅದನ್ನು ಜಗತ್ತಿಗೆಲ್ಲ ಮಾರಿದವರು ಅವರು. ಅದರ ಹೊಣೆ ಹುಡುಗಿಯದು ಎಂದು ನಾನು ಎಂದಿಗೂ ಒಪ್ಪುವುದಿಲ್ಲ. ಮುಂದೆ ವರ್ಷಗಟ್ಟಲೆ ಸಂದರ್ಶಕರು ಆಕೆಯನ್ನು ಕೇಳಿದ್ದು ಏನು? ಇನ್ನೂ ಕನ್ಯೆಯೇ ಎಂದು. ಮೈ ತೋರಿಸು ಎಂದವರೂ ಅವರೇ, ಶೀಲ ಕೇಳಿದವರೂ ಅವರೇ.

2008ರಲ್ಲಿ ಕೋರ್ಟು ಅವರ ಬದುಕು, ಆಸ್ತಿ ಎರಡನ್ನೂ ಪಾಲಕರ ಕೈಗೆ ಕೊಟ್ಟಿತು. ಮುಖ್ಯ ಪಾಲಕ ಅಪ್ಪನೇ. ಸುಮಾರು 13 ವರ್ಷ ಹಾಗೇ ನಡೆಯಿತು. ಆ ಅವಧಿಯಲ್ಲೇ, 2013ರಿಂದ 2017ರವರೆಗೆ, ಲಾಸ್ ವೇಗಸ್‌ನಲ್ಲಿ ರಾತ್ರಿ ರಾತ್ರಿ ವೇದಿಕೆ ಹತ್ತಿದರು. ಮಿನುಗುವ ತುಂಡು ಬಟ್ಟೆ, ಮಾದಕ ಕುಣಿತ. ನೋಡಿದವರಿಗೆ ಎಂಥ ಸ್ವತಂತ್ರ ಹೆಣ್ಣು ಎನ್ನಿಸಿರಬೇಕು. 2021ರ ಜೂನ್‌ನಲ್ಲಿ ಅವರು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟರು. ತನಗೆ ಇನ್ನೊಂದು ಮಗು ಬೇಕು, ಒಳಗೆ ಹಾಕಿರುವ ಗರ್ಭನಿರೋಧಕವನ್ನು ತೆಗೆಸಲು ಡಾಕ್ಟರ ಹತ್ತಿರ ಹೋಗಲೂ ಬಿಡುತ್ತಿಲ್ಲ ಎಂದರು. ನಮ್ಮಲ್ಲಿ ವಂಕಿ ಅಂತಾರಲ್ಲ, ಅದು. ಓದಿದ ದಿನ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ. ಜಗತ್ತೇ ಕಾಮದ ಗೊಂಬೆ ಎಂದು ನೋಡಿದ ಹೆಣ್ಣಿಗೆ ತನ್ನ ಬಸಿರಿನ ಮೇಲೆ ಹಕ್ಕಿರಲಿಲ್ಲ. ಅದೇ ವರ್ಷ ನವೆಂಬರ್ 12ಕ್ಕೆ ಕೋರ್ಟು ಆ ಕಟ್ಟು ಬಿಚ್ಚಿತು.

ಈಗ ನಿಮಗೆ ಮೆಚ್ಚುಗೆಯಾದ ದೊಗಳೆ ಬಟ್ಟೆಯ ಹುಡುಗಿ. ಬಿಲ್ಲಿ ಐಲಿಶ್ 2019ರಲ್ಲಿ ಒಂದು ಜಾಹೀರಾತಿನಲ್ಲಿ ಕಾರಣ ಹೇಳಿದ್ದರು. ಒಳಗೆ ಏನಿದೆ ಎಂದು ಯಾರೂ ನೋಡಿಲ್ಲ, ಹಾಗಾಗಿ ಯಾರೂ ಮಾತಾಡುವ ಹಾಗಿಲ್ಲ ಎಂಬರ್ಥದಲ್ಲಿ. ಅಂದರೆ ಆ ಬಟ್ಟೆ ಸಂಪ್ರದಾಯದ್ದಲ್ಲ. ಅದು ಕೊಡೆ. ಕಣ್ಣುಗಳ ಮಳೆಯಿಂದ ತಪ್ಪಿಸಿಕೊಳ್ಳಲು ಹಿಡಿದದ್ದು. ಆದರೂ ನೆನೆದರು. 2020ರಲ್ಲಿ, 18 ವರ್ಷ ಇದ್ದಾಗ, ತೋಳಿಲ್ಲದ ಬನಿಯನ್ ಹಾಕಿ ಬೀದಿಯಲ್ಲಿ ಹೋದ ಒಂದು ಫೋಟೋ ಸಿಕ್ಕಿದ್ದೇ ಮೈಕಟ್ಟಿನ ಬಗ್ಗೆ ಜಗತ್ತೆಲ್ಲ ಆಡಿಕೊಂಡಿತು. ಮುಂದಿನ ವರ್ಷ ಒಂದು ಪತ್ರಿಕೆಯ ಮುಖಪುಟಕ್ಕೆ ತಾವೇ ಇಷ್ಟಪಟ್ಟು ಕಾರ್ಸೆಟ್ ಎಂಬ ಮೈಗೆ ಬಿಗಿಯಾದ ಉಡುಪು ತೊಟ್ಟರು. ನಿನ್ನೆಯವರೆಗೆ "ನಮ್ಮ ಹುಡುಗಿ ಹಾಗಲ್ಲ" ಎಂದು ಹೊಗಳುತ್ತಿದ್ದವರೇ ದುಡ್ಡಿಗೆ ಮಾರಿಕೊಂಡಳು ಎಂದರು. ಅಕ್ಕೋರೇ, ನೀವೂ ಇವರನ್ನು ಮಡೋನಾಗೆ ಎದುರಾಗಿ ಹಿಡಿದಿದ್ದೀರಿ. ಇನ್ನೊಬ್ಬರಿಗೆ ಬೀಸಲು ಕೋಲಾಗುವುದು ಆ ಹುಡುಗಿಗೆ ಬೇಕಿರಲಿಲ್ಲ. ಬೇರೆಯವರು ಏನು ತೊಟ್ಟರೂ ಅವರಿಷ್ಟ ಎಂಬುದೇ ಅವರ ನಿಲುವು.

ಗದ್ದಲವಾದಾಗ ಏಟು ಯಾರಿಗೆ ಎಂದೆನಲ್ಲ. ಅದಕ್ಕೆ ನನ್ನದೇ ಒಂದು ತಪ್ಪು ಹೇಳಬೇಕು. ಹಾವೇರಿ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳು. ನಾನು ಹೊಸ ವರದಿಗಾರ. ಒಂದು ಹಳ್ಳಿಯ ಜಾತ್ರೆಯಲ್ಲಿ ರಾತ್ರಿ ರಸಮಂಜರಿ ಇತ್ತು. ಚೂಡಿದಾರ ತೊಟ್ಟ ಗಾಯಕಿ ಗಣೇಶನ ಸ್ತುತಿಯಿಂದ ಶುರು ಮಾಡಿದರು. ಎರಡು ಭಾವಗೀತೆ ಆಯಿತು. ಹಿಂದಿನಿಂದ ಸೀಟಿ ಹೆಚ್ಚಾಯಿತು. ಕಮಿಟಿಯವರು ಚೀಟಿ ಕಳಿಸಿದರು, ಐಟಂ ಸಾಂಗ್ ಹಾಡಿ, ಸ್ವಲ್ಪ ಕುಣೀರಿ ಎಂದು. ಅವರು ಹಾಡಿದರು, ಜೊತೆಗಾರ ಗಾಯಕನ ಜೊತೆ ಕುಣಿದರು. ಹತ್ತರ, ಇಪ್ಪತ್ತರ ನೋಟು ಹಾರಿದವು. ಮಾರನೇ ದಿನ ನಾನು ನಾಲ್ಕು ಸಾಲು ಬರೆದೆ: "ಜಾತ್ರೆಯಲ್ಲಿ ಅಶ್ಲೀಲ ನೃತ್ಯ, ಗ್ರಾಮಸ್ಥರ ಆಕ್ರೋಶ." ಆಕ್ರೋಶ ಎಲ್ಲಿತ್ತು? ಒಬ್ಬ ಹಿರಿಯರು ಬೇಸರ ಪಟ್ಟಿದ್ದರು, ಅಷ್ಟೇ. ಮುಂದಿನ ವರ್ಷ ಅದೇ ಜಾತ್ರೆಗೆ ಹೋದೆ. ಅದೇ ಕಮಿಟಿ, ಅದೇ ಚೀಟಿ, ಅದೇ ಗಾಯಕ. ಆಕೆ ಮಾತ್ರ ಇರಲಿಲ್ಲ. "ಪೇಪರಿನಾಗ ಬಂತಲ್ಲರಿ, ಬ್ಯಾಡ ಅಂದ್ವಿ" ಎಂದರು. ಚೀಟಿ ಬರೆದವರ ಹೆಸರು ನಾನು ಪೇಪರಿನಲ್ಲಿ ಹಾಕಿರಲಿಲ್ಲ.

2004ರ ಫೆಬ್ರವರಿಯಲ್ಲಿ ಅಮೆರಿಕದ ಫುಟ್ಬಾಲ್ ಫೈನಲ್ ಆದ ಸೂಪರ್ ಬೌಲ್ ಆಟದ ನಡುವಿನ ಹಾಡಿನ ಕಾರ್ಯಕ್ರಮದಲ್ಲಿ ಗಾಯಕ ಜಸ್ಟಿನ್ ಟಿಂಬರ್ಲೇಕ್ ಕೈಯಿಂದ ಗಾಯಕಿ ಜಾನೆಟ್ ಜಾಕ್ಸನ್ ಅವರ ಎದೆಯ ಬಟ್ಟೆ ಹರಿಯಿತು. ಒಂದು ಸೆಕೆಂಡೂ ಕಂಡಿರಲಿಲ್ಲ. ಒಂದು ವಾರದಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭ. ಟಿಂಬರ್ಲೇಕ್ ಹೋದರು, ಎರಡು ಪ್ರಶಸ್ತಿ ತಂದರು. ಜಾನೆಟ್ ಅಲ್ಲಿರಲಿಲ್ಲ. 2018ರಲ್ಲಿ ಅದೇ ಆಟದ ವೇದಿಕೆಗೆ ಟಿಂಬರ್ಲೇಕ್ ಮತ್ತೆ ಬಂದರು. ಕ್ಷಮೆ ಕೇಳಿದ್ದು 2021ರಲ್ಲಿ, ಜಾನೆಟ್ ಅವರಿಗೂ ಒಂದು ಕಾಲದ ಗೆಳತಿ ಬ್ರಿಟ್ನಿ ಅವರಿಗೂ ಒಟ್ಟಿಗೆ. ಆ ಸುದ್ದಿ ಓದುವಾಗೆಲ್ಲ ನನಗೆ ಹಾವೇರಿಯ ಆ ಗಾಯಕಿ ನೆನಪಾಗುತ್ತಾರೆ. ಅವರನ್ನು ಹುಡುಕಿ ಕ್ಷಮೆ ಕೇಳಲು ನನಗೆ ಆಗಲೇ ಇಲ್ಲ.

ಇನ್ನು ಬಯಕೆಯ ಮಾತು ನಮ್ಮ ಮಣ್ಣಿನದಲ್ಲ, ಪಶ್ಚಿಮದ್ದು ಎಂದೂ ಬರೆದಿದ್ದೀರಿ. ಹೋಳಿಯಲ್ಲಿ ಕಾಮಣ್ಣನ ಮುಂದೆ ಗಂಡಸರು ಏನೇನು ಹಾಡುತ್ತಾರೆ ಎಂದು ಹುಬ್ಬಳ್ಳಿಯವನಾದ ನನಗೆ ಗೊತ್ತು, ನಿಮಗೂ ಗೊತ್ತು. ಮದುವೆ ಮನೆಯ ಒಳಕೋಣೆಯಲ್ಲಿ ಅಜ್ಜಿಯಂದಿರು ಬೀಗರ ಮೇಲೆ ಕಟ್ಟುವ ಹಾಡುಗಳೇನು ಕಡಿಮೆಯೇ? ನನ್ನ ಅಜ್ಜಿ ಹಾಡುವಾಗ ನಮ್ಮನ್ನು ಹೊರಗೆ ಓಡಿಸುತ್ತಿದ್ದಳು. ಒಳಗಿನ ನಗು ಮಾತ್ರ ಅಂಗಳದವರೆಗೆ ಕೇಳುತ್ತಿತ್ತು. ಆ ಹಾಡಿಗೆ ಟಿಕೆಟ್ ಇರಲಿಲ್ಲ, ಗಂಡಸರ ಕಣ್ಣಿರಲಿಲ್ಲ. ಅವು ಹೆಂಗಸರು ಹೆಂಗಸರಿಗಾಗಿ ಹಾಡಿದ ಹಾಡು.

ನಿಮ್ಮ ಒಂದು ಆತಂಕವನ್ನು ಪೂರ್ತಿ ಒಪ್ಪುತ್ತೇನೆ. ಇವತ್ತು "ನನ್ನ ಆಯ್ಕೆ" ಎನ್ನುವ ಮಾತೂ ಮಾರಾಟಕ್ಕಿದೆ. ಮೈ ತೋರಿಸಿದರೆ ನೋಡುವವರು ಹೆಚ್ಚುತ್ತಾರೆ ಎಂದು ಗೊತ್ತಿರುವ ಕಂಪನಿಗಳು ಹುಡುಗಿಯರನ್ನು ಆ ಕಡೆಗೇ ತಳ್ಳುತ್ತವೆ, ಆಮೇಲೆ ಅದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಡುತ್ತವೆ. 17ರ ಮಗಳಿಗೆ ಈ ವ್ಯತ್ಯಾಸ ತಿಳಿಯಬೇಕು. ಆದರೆ ಚಿತ್ರ ಕಿತ್ತರೆ ತಿಳಿಯುವುದಿಲ್ಲ. ಅವಳ ಜೊತೆ ಕೂತು ಆ ಹಾಡು ಕೇಳಿ. ಬರೆದವರು ಯಾರು ಎಂದು ಕೇಳಿ. ಬ್ರಿಟ್ನಿ ಅವರ ಕೋರ್ಟಿನ ಮಾತು ಓದಿಸಿ, ಶುಕ್ರವಾರಪೇಟೆಯ ಹುಡುಗಿಯ ಕಥೆಯನ್ನೂ ಹೇಳಿ. ಯಾವುದು ಇಷ್ಟವಾಗಲಿಲ್ಲ, ಯಾಕೆ ಎಂದು ನೀವೂ ಬಾಯಿಬಿಟ್ಟು ಹೇಳಿ. ಅವಳು ಒಪ್ಪದಿರಬಹುದು. ಮಾತು ನಿಲ್ಲುವುದಕ್ಕಿಂತ ಅದು ಮೇಲು.

ಕಿತ್ತ ಚಿತ್ರವನ್ನು ಮಡಚಿ ಕಪಾಟಿನಲ್ಲಿ ಇಟ್ಟಿದ್ದೇನೆ, ಹರಿದಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅದನ್ನು ಓದಿ ಸಮಾಧಾನವಾಯಿತು. ಈ ಉತ್ತರವನ್ನು ಮಗಳಿಗೂ ಓದಲು ಕೊಡಿ. ನನ್ನ ಮಾತು ಅವಳಿಗೆ ಸರಿ ಅನ್ನಿಸದಿದ್ದರೆ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ. ಅವಳ ಹೆಸರನ್ನೂ ಹಾಕುವುದಿಲ್ಲ.

ನಿಮ್ಮ,
ಸಂಪಾದಕ
ಹುಬ್ಬಳ್ಳಿ